ಮುಖ ತೊಳೆಯುವ ಮುಂಚೆ ಬರುವ ನರ್ಸಮ್ಮ

"ನೀರು ಮುಟ್ಬೇಡ, ಇರು ಕಣವ್ವ. ಮೊದ್ಲು ಮುಖ ತೋರ್ಸು."

ಗುಬ್ಬಿಯಾಚೆಗಿನ ಹಳ್ಳಿಯೊಂದರಲ್ಲಿ ಬೆಳಗಿನ ಆರು ಗಂಟೆ. ಬಚ್ಚಲ ಬಾಗಿಲಲ್ಲಿ ನಿಂತ ಏಳು ತಿಂಗಳ ಬಸುರಿ ಸುಧಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದಾರೆ ನರ್ಸ್ ಸಿದ್ದಲಕ್ಷ್ಮಮ್ಮ. ರೆಪ್ಪೆ ಊದಿದೆಯೇ, ಕಾಲುಂಗುರ ಸಲೀಸಾಗಿ ತಿರುಗುತ್ತದೆಯೇ ನೋಡುತ್ತಾರೆ. ಆಮೇಲೆ ಬಿ.ಪಿ., ತೂಕ. "ಸಂಜೆ ಕಾಲು ಊದೋದು ಇದ್ದಿದ್ದೇ. ಎದ್ದಾಗ್ಲೇ ಮುಖ ಊದಿದ್ರೆ ಎದೆ ಧಸಕ್ ಅನ್ನುತ್ತೆ."

ಐದು ಹಳ್ಳಿ, ಹನ್ನೊಂದು ಬಸುರಿಯರು, ಒಂದು ತೂಕದ ಯಂತ್ರ. ಬಿಸಿಲೇರುವುದರೊಳಗೆ ಮೂರು ಮನೆ ಮುಗಿಯಬೇಕು. ಬಾಯಿ ಜೋರು. ಚಪ್ಪಲಿ ಹಾಕಿಕೊಂಡು ಆ ಯಂತ್ರ ಹತ್ತಿದ್ದಕ್ಕೆ, ಅವರ ಬಗ್ಗೆ ಬರೆಯಲು ಹೋದ ನನಗೂ ಬೈಗುಳ ಸಿಕ್ಕಿತು.

1978ರಲ್ಲಿ ಅವರು ಇಲ್ಲಿಗೆ ಬಂದಾಗ ಬಸುರಿಯರೆಲ್ಲ ಕಡ್ಡಿಯಂತಿದ್ದರು. ಸುಧಾಳ ಅತ್ತೆ ಹನುಮಕ್ಕ ಮಗ ಗಂಗಾಧರನನ್ನು ಹೊತ್ತಾಗ ಮೂವತ್ತೆಂಟೇ ಕೆಜಿ. "ಎರಡು ಜೀವಕ್ಕೆ ಉಣ್ಣು" ಎಂದು ಗದರಿದವರು ಇದೇ ನರ್ಸಮ್ಮ. ಹನುಮಕ್ಕ ಆ ಮಾತನ್ನು ಗಂಟು ಹಾಕಿಟ್ಟುಕೊಂಡರು. 2003ರಲ್ಲಿ, ಮೊದಲೇ ದಪ್ಪಗಿದ್ದ ಸೊಸೆ ಸುಧಾ ಮೊದಲ ಸಲ ಬಸುರಾದಾಗ ಕೊಬ್ಬರಿ ಮಿಠಾಯಿ, ತುಪ್ಪ ಸುರಿದರು. ಎಂಟನೇ ತಿಂಗಳಿಗೆ ಇಪ್ಪತ್ತು ಕೆಜಿ ಏರಿತ್ತು.

"ನಾನು ಹೋದಾಗ ಹನ್ನೊಂದು ಗಂಟೆ. ಮುಖ ತೊಳ್ದು, ಪೌಡರ್ ಹಾಕಿ, ಹೂ ಮುಡ್ದು ಕೂತಿದ್ಲು. ಮೈ ತುಂಬ್ಕೊಂಡು ಲಕ್ಷಣವಾಗಿದೀಯ ಅಂತ ನೆಟಿಗೆ ಮುರ್ದು ಬಂದ್ಬುಟ್ಟೆ. ಬಿ.ಪಿ. ನೋಡ್ಲಿಲ್ಲ. ಅದು ಮೈಯಲ್ಲ, ಊತ," ಎನ್ನುತ್ತಾರೆ ನರ್ಸಮ್ಮ.

ಮೂರನೇ ದಿನ ಸುಧಾಳಿಗೆ ಫಿಟ್ಸ್ ಬಂತು. ತುಮಕೂರಿನ ಆಸ್ಪತ್ರೆಯಲ್ಲಿ ಅವಳು ಉಳಿದಳು, ಮಗು ಉಳಿಯಲಿಲ್ಲ. ಕೊಬ್ಬು ಹೆಚ್ಚಿದರೆ ಮೈಯೊಳಗೆ ಕಣ್ಣಿಗೆ ಕಾಣದ ಉರಿಯೂತ ಶುರುವಾಗುತ್ತದೆ, ಬಿ.ಪಿ. ಏರುವ ಭಯವೂ ಹೆಚ್ಚು ಎಂದು ಡಾಕ್ಟರು ಬಿಡಿಸಿ ಹೇಳಿದರು. ತಪ್ಪು ನನ್ನದೂ ಹೌದು ಎಂದು ನರ್ಸಮ್ಮ ಹನುಮಕ್ಕನ ಮುಂದೆ ಕೂತು ಅತ್ತರಂತೆ. ಹಾಗೆ ಒಪ್ಪಿಕೊಳ್ಳುವ ನೌಕರರನ್ನು ನಾನು ಹೆಚ್ಚು ಕಂಡಿಲ್ಲ. ಅಂದಿನಿಂದ ಅವರ ಕೆಲಸ ಆರು ಗಂಟೆಗೇ ಶುರು.

ಈ ಸಲ ಏರಿದ್ದು ಐದೇ ಕೆಜಿ. ಮುದ್ದೆ, ಸೊಪ್ಪು, ಮೊಳಕೆಕಾಳು, ಸಂಜೆ ತೋಟದ ತನಕ ನಡಿಗೆ. ಮಿಠಾಯಿ ಡಬ್ಬಿ ಹನುಮಕ್ಕನ ಬೀರುವಿನಲ್ಲಿದೆ. "ಅತ್ತು ಕರೆದ್ರೂ ಕೊಡಲ್ಲ ಬುಡಿ," ಎನ್ನುತ್ತಾ ಅವರು ಸೊಂಟದ ಬೀಗದ ಕೈ ತೋರಿಸುತ್ತಾರೆ.

ಬರುವ ಮಾರ್ಚಿಗೆ ನರ್ಸಮ್ಮನಿಗೆ ನಿವೃತ್ತಿ. ಏನಾದರೂ ಆಸೆ ಉಂಟೇ ಎಂದೆ.

"ನನ್ ಜಾಗಕ್ಕೆ ಬರೋ ಹುಡ್ಗಿ ಆಫೀಸ್ ಟೈಮಿಗೆ ಬರ್ಬಾರ್ದು ಕಣಪ್ಪ, ಅಷ್ಟೇಯ."

ಅಷ್ಟರಲ್ಲಿ ಬಚ್ಚಲಿಂದ ಸುಧಾ ಕೂಗುತ್ತಾಳೆ: "ಈಗ ಮುಖ ತೊಳ್ಕೊಳ್ಲಾ ನರ್ಸಮ್ಮ?"

ಬಿ.ಪಿ. ಪಟ್ಟಿ ಸುತ್ತುತ್ತಿದ್ದ ಸಿದ್ದಲಕ್ಷ್ಮಮ್ಮ ನಗುತ್ತಾರೆ. "ತೊಳ್ಕೋ ಹೋಗವ್ವ. ಹೂವೂ ಮುಡ್ಕೋ."