ಹತ್ತನೆಯ ರೀಲು

ಸುಬ್ಬಯ್ಯ ಮಾಸ್ಟ್ರ ಹೆಸರೆತ್ತಿದರೆ ಸಾಕು, ರುಕ್ಮಯ್ಯನಿಗೆ ಇವತ್ತಿಗೂ ಪಿತ್ತ ನೆತ್ತಿಗೇರುತ್ತದೆ. ಕಟ್ಟುತ್ತಿದ್ದ ಬೀಡಿಯನ್ನು ಗೆರಸೆಗೆ ಎಸೆದು, "ಇನ್ನೂರು ಜನರ ಎದುರು ನಾನು ಹೇಳಿದ ಅರ್ಥವನ್ನು ಬುರುಡೆ ಅಂದವರು ಅವರು! ಇಂಗ್ಲಿಷ್ ಬಂದರೆ ಆಯ್ತಾ? ಟೆಂಟಿನ ನೆಲದ ಹೊಯಿಗೆಯಲ್ಲಿ ಕೂತವರಿಗೆ ಕತೆ ಮುಟ್ಟಿಸಲಿಕ್ಕೆ ಬರಬೇಡ್ವಾ?" ಎನ್ನುತ್ತಾನೆ. ಆ ಮಾತು ನಡೆದು ಹನ್ನೊಂದು ವರ್ಷ ಕಳೆದಿದೆ. ಅವನ ಲೆಕ್ಕದಲ್ಲಿ ಅದು ನಿನ್ನೆ.

ರುಕ್ಮಯ್ಯ ಮಡಂತ್ಯಾರಿನವ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವ. ಆದರೆ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕೂತರೆ ಎದುರಿನವನ ಬೆವರಿಳಿಸುತ್ತಿದ್ದ. ತೋಡಾರಿನ ಬಾವಾ ಸಾಹುಕಾರರು ಗುರುವಾಯನಕೆರೆಯಲ್ಲಿ ಕೊಯ್ಲು ಮುಗಿದ ಗದ್ದೆಗೆ ಟೆಂಟು ಹಾಕಿ ಟೂರಿಂಗ್ ಟಾಕೀಸು ಶುರು ಮಾಡಿದಾಗ ಇವನನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ. ಇಂಗ್ಲಿಷ್ ಪಿಕ್ಚರು ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಜನರಿಗೆ ಅರ್ಥವಾಗಬೇಕಲ್ಲ? ಪರದೆಯ ಬಲಬದಿಗೆ ಒಂದು ಸ್ಟೂಲು, ರುಕ್ಮಯ್ಯನ ಕೈಗೆ ಒಂದು ತಗಡಿನ ಕಹಳೆ. ಪರದೆಯ ಮೇಲಿನವರು ಅವರ ಭಾಷೆಯಲ್ಲಿ ಏನು ಬೇಕಾದರೂ ಅನ್ನಲಿ, ಇವನು ತುಳುವಿನಲ್ಲಿ ಅವರ ಬಾಯಿಗೆ ಮಾತು ಇಡುತ್ತಿದ್ದ.

ಇಂಗ್ಲಿಷಿನ ಒಂದಕ್ಷರವೂ ಅವನಿಗೆ ಬಾರದು. ಮುಖ ನೋಡಿದರೆ ಮನಸ್ಸು ಗೊತ್ತಾಗುತ್ತದೆ ಎಂಬುದು ಅವನ ಧೈರ್ಯ. ಅವನಿಗೆ ಗೊತ್ತಾಗುತ್ತಿದ್ದ ಮನಸ್ಸುಗಳೆಲ್ಲ ಹೆಚ್ಚಾಗಿ ಕೆಟ್ಟವೇ. ಬೀಡಿ ಬ್ರಾಂಚಿನವ ಎಲೆ ತೂಗುವಾಗ ಕೆಮ್ಮಿದರೂ ಸಂಶಯ. ಹೆಂಡತಿ ಸೇಸಮ್ಮ ಸಾರಿಗೆ ಉಪ್ಪು ಸರಿ ಉಂಟಾ ಎಂದು ಕೇಳಿದರೆ, "ಯಾಕೆ ಕೇಳುವುದು? ಎಂತ ಹಾಕಿದ್ದೀ ಅದಕ್ಕೆ?" ಎನ್ನುವ ಜಾತಿ.

ಐವತ್ತೇಳನೆಯ ಇಸವಿಯಲ್ಲಿ ಟೆಂಟಿಗೆ ಒಂದು ಬಣ್ಣದ ಪಿಕ್ಚರು ಬಂತು. ಅರಸ ಊರಲ್ಲಿಲ್ಲದ ಹೊತ್ತಿಗೆ ಅವನ ಅಧಿಕಾರಿ ಬಡವರ ಕಣಜ ಬಾಚುತ್ತಾನೆ. ಬಿಲ್ಲುಬಾಣ ಹಿಡಿದ ಒಬ್ಬ ಬಂಟರಂಥ ಗಟ್ಟಿಗ ಕಾಡು ಸೇರಿ, ಬಾಚಿದ್ದನ್ನು ದಾರಿಯಲ್ಲಿ ಹೊಡೆದು ಬಡವರಿಗೆ ಹಂಚುತ್ತಾನೆ. ಅವನಿಗೆ ರುಕ್ಮಯ್ಯ ಇಟ್ಟ ಹೆಸರು ಕಾಡಿನ ಧಣಿ.

ಪಿಕ್ಚರು ಬರುವ ಮುಂಚೆಯೇ ಶಾಲೆಯ ಸುಬ್ಬಯ್ಯ ಮಾಸ್ಟ್ರು ಬಾವಾ ಸಾಹುಕಾರರ ಹತ್ತಿರ ಹೋದರು.

"ಸಾಹುಕಾರ್ರೇ, ಆ ಮನುಷ್ಯ ಬಾಯಿಗೆ ಬಂದದ್ದು ಹೇಳುತ್ತಾನೆ. ಈ ಪಿಕ್ಚರ್ ನಾನು ಮಂಗಳೂರಲ್ಲಿ ನೋಡಿದ್ದೇನೆ. ಅರ್ಥ ನಾನು ಹೇಳುತ್ತೇನೆ."

"ಹಾಗಾದರೆ ಶನಿವಾರ ಬನ್ನಿ ಮಾಸ್ಟ್ರೇ, ಎದುರು ಕುರ್ಚಿ ಹಾಕಿಸ್ತೇನೆ. ರುಕ್ಮಯ್ಯ ಕತೆ ತಪ್ಪಿದರೆ ಆದಿತ್ಯವಾರದಿಂದ ಸ್ಟೂಲು ನಿಮ್ಮದು."

ಸುದ್ದಿ ಮಡಂತ್ಯಾರಿನ ಸಂತೆಯವರೆಗೆ ಹೋಯಿತು. ಬೀಡಿ ಕಟ್ಟುವವರು ಸಾವಿರ ಜನ ಇದ್ದರು. ಸ್ಟೂಲಿನ ಮೇಲೆ ಕೂರುವವ ಒಬ್ಬನೇ. ಅದು ಹೋದರೆ ರುಕ್ಮಯ್ಯ ಆ ಸಾವಿರದಲ್ಲೊಬ್ಬ, ಅಷ್ಟೇ.

ಶನಿವಾರ ಮಧ್ಯಾಹ್ನ ಮಶೀನು ನಡೆಸುವ ಚಿನ್ನಯ್ಯ ಬಂದು ಅವನ ಪಕ್ಕ ಕೂತ. ಬಂಟ್ವಾಳದ ಒಂದು ಟೆಂಟಿನಲ್ಲಿ ಅವನು ಇದೇ ಪಿಕ್ಚರನ್ನು ಹತ್ತು ದಿನ ಓಡಿಸಿದ್ದ.

"ರುಕ್ಮಯ್ಯಣ್ಣ, ಒಂದು ಮಾತು. ಇದರಲ್ಲಿ ದೋಣಿ ನಡೆಸುವ ಒಬ್ಬ ಮುದುಕ ಬರ್ತಾನೆ. ಒಂಬತ್ತನೇ ರೀಲಿನಲ್ಲಿ ಅಧಿಕಾರಿಯ ಕೈಯಿಂದ ಹಣದ ಚೀಲ ತಗೊಳ್ತಾನೆ. ಆದರೆ ಅವ ಒಳ್ಳೆಯವ. ಆ ಹಣವನ್ನೇ ಕಾವಲಿನವರಿಗೆ ಕೊಟ್ಟು ಧಣಿಯನ್ನು ಬಿಡಿಸುವುದು."

ರುಕ್ಮಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. ಅದೇ ದಿನ ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ, ಹೋಟೆಲಿನಲ್ಲಿ ಈ ಚಿನ್ನಯ್ಯ ಮಾಸ್ಟ್ರ ಎದುರು ಕೂತು ಚಹಾ ಕುಡಿಯುವುದನ್ನು ಕಂಡಿದ್ದ.

"ಯಾರು ಹೇಳಿ ಕಳಿಸಿದ್ದು?"

"ಯಾರು ಕಳಿಸುವುದು ಮಾರಾಯ್ರೆ? ನಾನೇ ಬಂದದ್ದು."

"ಆಯ್ತು, ಹೋಗು."

ಗುಟ್ಟು ಸಿಕ್ಕಿತೆಂದುಕೊಂಡ ರುಕ್ಮಯ್ಯ. ಮಾಸ್ಟ್ರು ಇವನ ಕೈಯಲ್ಲಿ ಸುಳ್ಳು ಕತೆ ಹೇಳಿಸಿ ನನ್ನನ್ನು ಗುಂಡಿಗೆ ತಳ್ಳುವ ಉಪಾಯ ಇದು. ಹಾಗಾದರೆ ನಿಜ ಇದರ ಉಲ್ಟಾ.

ಆ ಸಂಜೆ ಟೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಗಿ ಹಸಿರು ಚಲ್ಲಣ ತೊಟ್ಟ ಧಣಿ ಮರದಿಂದ ಬಳ್ಳಿ ಹಿಡಿದು ಹಾರಿದಾಗ ಹಿಂದಿನಿಂದ ಒಬ್ಬ ಕೂಗಿದ: "ರುಕ್ಮಯ್ಯಣ್ಣ, ಅವನಿಗೊಂದು ಮುಂಡು ಕೊಡಿ!"

"ಮುಂಡು ಉಟ್ಟು ಹಾರಿದರೆ ನೀನು ನೋಡ್ಲಿಕ್ಕುಂಟಾ?" ಎಂದ ರುಕ್ಮಯ್ಯ. ಟೆಂಟು ನಕ್ಕಿತು. ಮಾಸ್ಟ್ರು ಮಾತ್ರ ಕುರ್ಚಿಯಲ್ಲಿ ಬೆತ್ತ ನುಂಗಿದವರ ಹಾಗೆ ಕೂತಿದ್ದರು.

ದೋಣಿಯ ಮುದುಕ ಬಂದ. ಧಣಿಯನ್ನು ಹೊಳೆ ದಾಟಿಸಿದ, ಗಂಜಿ ಕೊಟ್ಟ, ಬಾಯಿತುಂಬ ನಕ್ಕ. "ಇವನನ್ನು ನೋಡಿಟ್ಟುಕೊಳ್ಳಿ," ಎಂದು ಕಹಳೆ ಗುಡುಗಿತು, "ಗಂಜಿ ಕೊಟ್ಟ ಕೈಯಲ್ಲೇ ಎರಡು ಬಗೆಯುವವ." ಒಂಬತ್ತನೆಯ ರೀಲಿನಲ್ಲಿ ಧಣಿ ಸೆರೆಸಿಕ್ಕಿದ, ಮುದುಕ ಹಣದ ಚೀಲ ತೆಗೆದುಕೊಂಡ. ಹೆಂಗಸರ ಬದಿಯಿಂದ ಶಾಪ ಹಾಕುವ ಸದ್ದು. ಆಗ ಮಾಸ್ಟ್ರು ಎದ್ದು ನಿಂತರು.

"ಬುರುಡೆ! ಆ ಮುದುಕ ಒಳ್ಳೆಯವನು! ಮುಂದಿನ ರೀಲಿನಲ್ಲಿ ನೀವೇ ನೋಡಿ!"

ರೀಲು ಬದಲಿಸಲು ದೀಪ ಹತ್ತಿತು. ಇನ್ನೂರು ಮುಖಗಳು ರುಕ್ಮಯ್ಯನ ಕಡೆ ತಿರುಗಿದವು. ಅವನು ಕಹಳೆಯ ಬಾಯಿಯನ್ನು ಮುಂಡಿನ ತುದಿಯಿಂದ ಒರೆಸತೊಡಗಿದ.

ದೀಪ ಆರಿದಾಗ ಪರದೆಯ ಮೇಲೆ ಸೆರೆಮನೆ ಇರಲಿಲ್ಲ. ಧಣಿ ಆಗಲೇ ಕೋಟೆಯ ಮೆಟ್ಟಿಲ ಮೇಲೆ ಅಧಿಕಾರಿಯ ಜೊತೆ ಕತ್ತಿ ಹಿಡಿದು ಕಾದಾಡುತ್ತಿದ್ದ.

"ಓಯ್! ಇವ ಹೊರಗೆ ಹೇಗೆ ಬಂದ?"

"ಗೋಡೆ ಹಾರಿ ಬಂದ," ಎಂದ ರುಕ್ಮಯ್ಯ. "ನಿಮಗೆ ಹೇಳಿ ಹಾರಬೇಕಿತ್ತಾ? ಬರುವ ದಾರಿಯಲ್ಲಿ ಆ ದ್ರೋಹಿ ಮುದುಕನನ್ನು ಹೊಳೆಗೆ ದೂಡಿ ಬಂದ!"

"ಒಂದು ರೀಲು ಹಾಕಲಿಲ್ಲ!" ಎಂದು ಮಾಸ್ಟ್ರು ಕಿರುಚಿದರು. ಕತ್ತಿಯ ಸದ್ದಿನಲ್ಲಿ ಹೆಚ್ಚಿನವರಿಗೆ ಕೇಳಿಸಲಿಲ್ಲ. ಕೇಳಿಸಿದವರು "ಕೂತ್ಕೊಳ್ಳಿ ಮಾಸ್ಟ್ರೇ, ಕಾಣುವುದಿಲ್ಲ" ಅಂದರು.

ಆಟ ಮುಗಿದ ಮೇಲೆ ಬಾವಾ ಸಾಹುಕಾರರು ಮಶೀನಿನ ಗೂಡಿಗೆ ನುಗ್ಗಿದರು. ಫಿಲ್ಮಿನ ಅಂಚು ಹರಿದಿತ್ತು, ಮಶೀನು ಹಿಡಿಯಲಿಲ್ಲ ಎಂದ ಚಿನ್ನಯ್ಯ. ಸಾಹುಕಾರರು ಹತ್ತನೆಯ ರೀಲನ್ನು ದೀಪಕ್ಕೆ ಹಿಡಿದು ಮಾರುಗಟ್ಟಲೆ ಬಿಡಿಸಿ ನೋಡಿದರು. ಎಲ್ಲಿಯೂ ಹರಿದಿರಲಿಲ್ಲ.

"ನಾನು ಹೇಳುತ್ತೇನೆ," ಎಂದು ಹಿಂದಿನಿಂದ ರುಕ್ಮಯ್ಯ ಬಂದ. "ಬೆಳಿಗ್ಗೆ ಇವ ಮಾಸ್ಟ್ರ ಜೊತೆ ಚಹಾ ಕುಡಿದಿದ್ದಾನೆ. ನಾನು ತಡವರಿಸಲಿ ಅಂತ ರೀಲು ತಪ್ಪಿಸಿದ್ದು. ಕೇಳಿ, ಅಲ್ಲ ಅನ್ಲಿ!"

ಚಿನ್ನಯ್ಯ ಅಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಹಳೆಯ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

"ನಾಳೆಯಿಂದ ನೀನು ಬರುವುದು ಬೇಡ," ಎಂದರು ಸಾಹುಕಾರರು.

ಗದ್ದೆಯ ಬದುವಿನಲ್ಲಿ ಚಿನ್ನಯ್ಯ ಒಮ್ಮೆ ನಿಂತ. "ರುಕ್ಮಯ್ಯಣ್ಣ, ನಾಳೆ ಆ ಮುದುಕನಿಗೆ ಬೈಬೇಡಿ."

"ಹೋಗಾ! ನನಗೆ ಕಲಿಸಲಿಕ್ಕೆ ಬಂದ."

ಆದಿತ್ಯವಾರ ಸಾಹುಕಾರರ ಅಳಿಯ ಇಬ್ರಾಹಿಂ ಮಶೀನಿನ ಹತ್ತಿರ ನಿಂತು, ಡಬ್ಬಿಯ ನಂಬ್ರ ನೋಡಿ ಎಲ್ಲ ರೀಲುಗಳನ್ನೂ ಸಾಲಾಗಿ ಹಾಕಿದ. ರುಕ್ಮಯ್ಯ ಮುದುಕನಿಗೆ ಶನಿವಾರಕ್ಕಿಂತ ಒಂದು ತೂಕ ಹೆಚ್ಚೇ ಬೈದಿದ್ದ. ಹತ್ತನೆಯ ರೀಲು ಬಂತು. ಮುದುಕ ಹಣದ ಚೀಲವನ್ನು ಕಾವಲಿನವನ ಕೈಗಿಟ್ಟ. ಬೀಗ ತೆರೆಯಿತು. ಧಣಿಯ ಬೆನ್ನಿಗೆ ಬಂದ ಬಾಣಕ್ಕೆ ಮುದುಕ ತನ್ನ ಎದೆ ಕೊಟ್ಟು ಬಿದ್ದ.

ಕಹಳೆ ಕೆಳಗಿಳಿಯಿತು. ಶನಿವಾರ ಮಾಸ್ಟ್ರು ಎದ್ದು ನಿಂತ ಹೊತ್ತಿಗೆ ಇದು ಪರದೆಯ ಮೇಲೆ ಬಂದಿದ್ದರೆ ತಾನು ಎಲ್ಲಿರುತ್ತಿದ್ದೆ ಎಂಬುದು ರುಕ್ಮಯ್ಯನಿಗೆ ಹೊಳೆಯಿತು. ಚಿನ್ನಯ್ಯ ಶನಿವಾರ ಈ ರೀಲನ್ನು ಯಾಕೆ ಮಶೀನಿಗೆ ಹಾಕಲಿಲ್ಲ, ಗೂಡಿನಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂಬುದೂ.

"ಓ ರುಕ್ಮಯ್ಯ," ಹೆಂಗಸರ ಬದಿಯಿಂದ ಒಂದು ಅಜ್ಜಿ ಕೂಗಿತು, "ಆ ದ್ರೋಹಿ ಯಾಕೆ ಸತ್ತ? ಹೇಳು ಮಗಾ!"

ರುಕ್ಮಯ್ಯ ಕಹಳೆ ಎತ್ತಿದ. "ಇವ ಅವನಲ್ಲ ಅಜ್ಜೀ. ಇವ ಅವನ ತಮ್ಮ. ಅವಳಿ."

ಜನ ಒಪ್ಪಿದರು. ಆ ಸ್ಟೂಲಿನ ಮೇಲೆ ಅವನು ಮುಂದೆ ಎಂಟು ವರ್ಷ ಕೂತ.

ಚಿನ್ನಯ್ಯ ಮೂಡುಬಿದಿರೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಾನೆಂದು ಗೊತ್ತಾದದ್ದು ಅರವತ್ತರಲ್ಲಿ. ಮೊದಲ ಸಲ ಹೋದ ರುಕ್ಮಯ್ಯ ಮಿಲ್ಲಿನ ಗೇಟು ನೋಡಿಯೇ ವಾಪಸು ಬಂದ. ಎರಡನೆಯ ಸಲ ಬಸ್ಸಿನಲ್ಲಿ ದಾರಿಯುದ್ದಕ್ಕೂ "ತಪ್ಪಾಯಿತು" ಎಂಬ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಒಳಗೆ ನುಗ್ಗಿದ.

"ಬನ್ನಿ ಬನ್ನಿ ರುಕ್ಮಯ್ಯಣ್ಣ!" ಮೈಯೆಲ್ಲ ಎಣ್ಣೆಮಸಿಯಾಗಿದ್ದ ಚಿನ್ನಯ್ಯ ಎದ್ದು ಬಂದ. "ಕೂತ್ಕೊಳ್ಳಿ, ಚಹಾ ತರಿಸುವ."

"ಆ ಹತ್ತನೇ ರೀಲು..."

"ಯಾವ ರೀಲು? ಅದೆಲ್ಲ ಬಿಡಿ ಮಾರಾಯ್ರೆ," ಎಂದು ಚಿನ್ನಯ್ಯ ನಕ್ಕ.

ಮರೆತೇ ಹೋಯಿತೋ, ಅಲ್ಲ ಬೇಕೆಂದೇ ನನ್ನನ್ನು ಸಣ್ಣವನನ್ನಾಗಿ ಮಾಡುತ್ತಿದ್ದಾನೋ? ರುಕ್ಮಯ್ಯ ಕೂರಲಿಲ್ಲ. "ಯಾಕೆ ನಗುವುದು ನೀನು?"

"ಸುಮ್ಮನೆ. ನಿಮ್ಮನ್ನು ಕಂಡು ಖುಷಿಯಾಯ್ತು."

"ಖುಷಿಯಾಗಲಿಕ್ಕೆ ನಾನು ನಿನಗೆ ಎಂತ ಮಾಡಿದ್ದೇನೆ?"

ಸ್ವರ ಮೇಲೇರಿತ್ತು. ಅಕ್ಕಿ ಮುಡಿ ಹೊರುತ್ತಿದ್ದವರು ತಿರುಗಿ ನೋಡಿದರು. ಬಂದ ಚಹಾವನ್ನು ಮುಟ್ಟದೆ ರುಕ್ಮಯ್ಯ ಬಸ್ ಸ್ಟ್ಯಾಂಡಿಗೆ ನಡೆದ. ಮಾರನೆಯ ವರ್ಷ ಮತ್ತೆ ಹೋದಾಗ ಇಂಜಿನಿನ ಹತ್ತಿರ ಬೇರೆ ಯಾರೋ ಇದ್ದರು. ಚಿನ್ನಯ್ಯ ಬೊಂಬಾಯಿಗೆ ಹೋದ ಎಂದರು. ಬೊಂಬಾಯಿಯಲ್ಲಿ ಎಲ್ಲಿ ಎಂದು ಕೇಳಿದರೆ ಮಿಲ್ಲಿನಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.