ಬಲಗೈ ಹೆಬ್ಬೆರಳು

ಪರೀಕ್ಷೆ ಕೋಣೆಯಲ್ಲಿ ಪ್ರತಿ ವರ್ಷ ನಾನು ಒಂದೇ ಮಾತು ಕೂಗುತ್ತಿದ್ದೆ: "ಮೊದ್ಲು ಪೆನ್ನು ಕೆಳಗಿಡ್ರಲೇ!" ಕೊಟ್ಟೂರಿನ ನಮ್ಮ ಹೈಸ್ಕೂಲಿನಲ್ಲಿ ಓದಿ ಹೋದವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಈಗಲೂ ನಮಸ್ಕಾರಕ್ಕಿಂತ ಮುಂಚೆ ಇದನ್ನೇ ಹೇಳಿ ನಗುತ್ತಾರೆ.

ಕೂಗಲು ಕಾರಣವಿತ್ತು. ತಂತಿಯಲ್ಲಿ ಕರೆಂಟು ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಯಾವ ಕಡೆ ಸುತ್ತುತ್ತದೆ ಎಂದು ತಿಳಿಯಲು ಬಲಗೈಯಲ್ಲಿ ಆ ತಂತಿಯನ್ನು ಹಿಡಿದ ಹಾಗೆ ಊಹಿಸಿಕೊಳ್ಳಬೇಕು. ಹೆಬ್ಬೆರಳು ಕರೆಂಟಿನ ದಿಕ್ಕಿಗೆ ನೆಟ್ಟಗಿರಬೇಕು, ಉಳಿದ ಬೆರಳು ಮಡಿಚಿದ ದಿಕ್ಕೇ ಉತ್ತರ. ಆದರೆ ಬರೆಯುವ ಮಕ್ಕಳ ಬಲಗೈಯಲ್ಲಿ ಪೆನ್ನು ಇರುತ್ತದಲ್ಲ, ಖಾಲಿ ಇರುವ ಎಡಗೈ ಎತ್ತಿಬಿಡುತ್ತವೆ. ಎಲ್ಲಾ ಉಲ್ಟಾ. ದಿಕ್ಸೂಚಿ ಇಟ್ಟು ತೋರಿಸಬಹುದು, ತೋರಿಸುತ್ತಲೂ ಇದ್ದೆ. ಆದರೆ ಪರೀಕ್ಷೆಯಲ್ಲಿ ನಿಮಗೆ ಯಾರೂ ದಿಕ್ಸೂಚಿ ಕೊಡುವುದಿಲ್ಲ, ಕೈ ಮಾತ್ರ ಜೊತೆಗಿರುತ್ತದೆ ಎಂದು ಜಂಬದಿಂದ ಹೇಳುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಹೆರಳು ಹಾಕಿಕೊಳ್ಳುವಾಗ ಬಾಚಣಿಗೆ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಂಡೆ ಅಂದುಕೊಂಡೆ. ಅದು ನೆಲದ ಮೇಲೇ ಇತ್ತು. ಲಕ್ವ ಎಂದರು. ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಮರಳಿತ್ತು, ಕಾಲು ಎಳೆದುಕೊಂಡಾದರೂ ನಡೆಯುತ್ತಿತ್ತು. ಬಲಗೈ ಮಾತ್ರ ನನ್ನದಲ್ಲ ಎನ್ನುವ ಹಾಗೆ ಜೋತಾಡುತ್ತಿತ್ತು. ಹಲವಾಗಲು ಕಡೆ ಯಾರೋ ನಾಟಿ ಔಷಧಿ ಕೊಡುತ್ತಾರೆಂದು ಕೇಳಿ ಅಲ್ಲಿಗೂ ಹೋಗಿಬಂದೆವು. ವಿಜ್ಞಾನದ ಮೇಷ್ಟ್ರಮ್ಮ ನಾನು, ಬಾಯಿ ಮುಚ್ಚಿಕೊಂಡು ಆ ಕಷಾಯ ಕುಡಿದೆ.

ಹಗ್ಗ ಹೊಸೆಯುವುದು ಬಿಟ್ಟರೆ ಬೇರೆ ಹೆಣಿಗೆ ಗೊತ್ತಿಲ್ಲದ ನನ್ನ ಗಂಡ ಈಗ ನನ್ನ ಹೆರಳು ಹಾಕುತ್ತಾರೆ. ಅದೂ ಹಗ್ಗದ ಹಾಗೇ ಇರುತ್ತದೆ. ಸಂಜೆಯಾದರೆ ಎಣ್ಣೆ ತಿಕ್ಕಿ, ಬೆರಳು ಒಂದೊಂದಾಗಿ ಬಿಡಿಸಿ, "ಹೆಬ್ಬೆರಳು ಎತ್ತು ನೋಡಾಣ" ಎನ್ನುತ್ತಾರೆ. ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮ ಅದು. ನಾನು ಹಲ್ಲು ಕಚ್ಚಿ ಎತ್ತುತ್ತೇನೆ. ಅದು ಏಳುವುದಿಲ್ಲ. ನಾಚಿಕೆಗೆ ಕೈಯ ಮೇಲೆ ಸೆರಗು ಎಳೆದುಕೊಂಡರೆ ಅವರು ಕಿತ್ತು ತೆಗೆಯುತ್ತಾರೆ.

"ಮುಚ್ಚಬ್ಯಾಡ. ಹೊರಗಿರ್ಲಿ ಅದು. ಬರ್ತೈತಿ."

ಮತ್ತೆ ಶಾಲೆಗೆ ಹೋದೆ. ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯುವುದನ್ನು ಕಲಿತೆ, ಅಕ್ಷರ ಒಂದನೆಯ ತರಗತಿಯವರದಕ್ಕಿಂತ ಕಡೆ. ಬಲಗೈ ನಿಯಮದ ಪಾಠ ಬಂದಾಗ ಹೆಡ್ ಮಾಸ್ತರರು ಗಣಿತದ ಮೇಷ್ಟ್ರಿಂದ ಮಾಡಿಸೋಣವೇ ಎಂದು ಮೆಲ್ಲಗೆ ಕೇಳಿದರು. ಬೇಡ ಎಂದೆ. ಇದೊಂದು ಪಾಠ ಬಿಟ್ಟುಕೊಟ್ಟರೆ ನಾನು ಸುಮ್ಮನೆ ಸಂಬಳಕ್ಕೆ ಕುರ್ಚಿಯಲ್ಲಿ ಕೂತವಳಾಗುತ್ತೇನೆ ಅನ್ನಿಸಿತ್ತು. ಮನೆಯಲ್ಲಿ ಅಭ್ಯಾಸ ಮಾಡಿದೆವು. ನನ್ನ ಗಂಡ ಬಲಗೈ ಬೆರಳುಗಳನ್ನು ಲಟ್ಟಣಿಗೆಯ ಸುತ್ತ ಮಡಿಚಿ, ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟರು. ಲಟ್ಟಣಿಗೆ ಉರುಳಿ ಹೋಗಿ ಒಲೆಗೆ ತಾಗಿತು.

ಕೊನೆಗೆ ತರಗತಿಯಲ್ಲಿ ಎಡಗೈಯಲ್ಲೇ ತೋರಿಸಿದೆ. "ನಾನು ಎಡಗೈ ಎತ್ತೀನಿ. ನೀವು ಬಲಗೈ ಎತ್ತಬೇಕು. ತಿಳೀತೇನು?" ಎಂದು ಗಂಟಲು ಹರಿಯುವ ಹಾಗೆ ಹೇಳಿದೆ. "ತಿಳೀತ್ರಿ ಮಿಸ್" ಎಂದರು. ಅವತ್ತು ಎಲ್ಲರೂ ಬಲಗೈಯನ್ನೇ ಎತ್ತಿದ್ದರು. ಗೆದ್ದೆ ಎಂದುಕೊಂಡು ದಾರಿಯಲ್ಲಿ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಮನೆಗೆ ಹೋದೆ.

ಆಮೇಲೆ ಕಿರುಪರೀಕ್ಷೆ ಬಂತು. ನೆಟ್ಟಗೆ ನಿಂತ ತಂತಿ, ಕರೆಂಟು ಮೇಲಕ್ಕೆ, ಕಾಂತಕ್ಷೇತ್ರದ ದಿಕ್ಕು ಗುರುತಿಸಿ. ನಾನು ಕುರ್ಚಿಯಲ್ಲಿ ಕೂತೇ ಹಳೇ ದನಿ ತೆಗೆದೆ: "ಮೊದ್ಲು ಪೆನ್ನು ಕೆಳಗಿಡ್ರಲೇ!"

ಒಬ್ಬರೂ ಬಿಡದೆ ಪೆನ್ನು ಕೆಳಗಿಟ್ಟರು. ಒಬ್ಬರೂ ಬಿಡದೆ ಎಡಗೈ ಎತ್ತಿದರು.

ಅಷ್ಟು ಬಲಗೈಗಳು ಖಾಲಿಯಾಗಿ, ಆರೋಗ್ಯವಾಗಿ ಬೆಂಚಿನ ಮೇಲೆ ಮಲಗಿದ್ದವು. ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದೆ, "ಯಾವ ಕೈ ಅಂತ ಹೇಳಿದ್ದೆ ನಾನು?"

ಅವಳು ತನ್ನ ಎತ್ತಿದ ಎಡಗೈಯನ್ನು ನೋಡಿಕೊಂಡಳು. "ನೀವು ಹಿಂಗಾ ತೋರಿಸಿದ್ರಲ್ರಿ ಮಿಸ್" ಎಂದಳು. ಅಷ್ಟರಲ್ಲಿ ಅವಳ ಕಣ್ಣು ನನ್ನ ತೊಡೆಯ ಮೇಲಿನ ಬಲಗೈ ಮುಚ್ಚಿದ್ದ ಸೆರಗಿನ ಮೇಲೆ ಬಿತ್ತು. ತಲೆ ತಗ್ಗಿಸಿ ಕೈ ಇಳಿಸಿದಳು. ಅವಳನ್ನು ನೋಡಿ ಒಬ್ಬೊಬ್ಬರೇ ಇಳಿಸಿದರು. ತಪ್ಪು ಮಾಡಿದವರ ಮುಖ ಮಾಡಿಕೊಂಡು ಕೂತರು ಪಾಪ, ಏನೂ ತಪ್ಪು ಮಾಡದ ಮಕ್ಕಳು.

ಪಾಠವನ್ನು ಗಣಿತದ ಮೇಷ್ಟ್ರಿಗೆ ಕೊಟ್ಟುಬಿಡಿ ಎಂದು ಹೆಡ್ ಮಾಸ್ತರರಿಗೆ ನಾನೇ ಹೇಳಿದೆ.

"ಹುಡುಗ್ರು ಅಂದ ಮ್ಯಾಲೆ ತಪ್ಪು ಮಾಡ್ತಾವ ಬಿಡ್ರಿ ಮೇಡಂ" ಎಂದರು.

"ತಪ್ಪು ಮಾಡಿಲ್ರಿ ಸರ್. ಕೈ ನೋಡಿ ಕಲ್ತಾವ" ಎಂದೆ.

ಅವರು ವೇಳಾಪಟ್ಟಿ ತಿದ್ದಿದರು. ಮರುದಿನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಪಕ್ಕದ ಕೋಣೆಯಿಂದ "ಬಲಗೈ, ಬಲಗೈ" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗುವುದು ಗೋಡೆ ದಾಟಿ ಕೇಳುತ್ತಿತ್ತು. ಬೇಗ ಕಲಿತರು. ಅದು ನನಗೆ ಸಂತೋಷ ಕೊಡಬೇಕಿತ್ತು, ಕೊಡಲಿಲ್ಲ.

ಅಂದು ಸಂಜೆ ನನ್ನ ಗಂಡ ಎಣ್ಣೆ ಬಟ್ಟಲು ಹಿಡಿದು ಬಂದು ಎದುರಿಗೆ ಕೂತರು. ತಿಕ್ಕಿದರು, ಬೆರಳು ಬಿಡಿಸಿದರು.

"ಹೆಬ್ಬೆರಳು ಎತ್ತು ನೋಡಾಣ."

"ಸಾಕು ಬಿಡ್ರಿ. ಅದು ಏಳಂಗಿಲ್ಲ. ನಿಮಗೂ ಗೊತ್ತೈತಿ" ಎಂದೆ.

ಬರ್ತೈತಿ ಎನ್ನುತ್ತಾರೆಂದು ಕಾದೆ. ಬಯ್ಯಲಿ ಎಂದೂ ಕಾದೆ. ಅವರು ಬಟ್ಟಲು ಪಕ್ಕಕ್ಕಿಟ್ಟು, ಎಣ್ಣೆಯ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡು, ನನ್ನ ಬಲಗೈಯನ್ನು ಎತ್ತಿ ನನ್ನ ಮಡಿಲಲ್ಲಿಟ್ಟರು. ಆಮೇಲೆ ತಾವೇ ಸೆರಗು ಎಳೆದು ಅದರ ಮೇಲೆ ಹೊದಿಸಿದರು.