ಹನುಮಣ್ಣನ ಟವಲು ಕಾಯ್ದ ಜಾಗ

ರಾಂಪುರದಿಂದ ಚಳ್ಳಕೆರೆಗೆ ಹೋಗುವ ಬಸ್ಸಿನಲ್ಲಿ ಹನುಮಣ್ಣನ ಟವಲನ್ನು ಸರಿಸಿ ಕೂತ ಗಂಡಸು ಈ ಎರಡು ತಾಲ್ಲೂಕುಗಳಲ್ಲಿ ಇನ್ನೂ ಹುಟ್ಟಿಲ್ಲ. ಕಂಡಕ್ಟರುಗಳು ಬಂದರು, ಬೈದರು, ವರ್ಗವಾಗಿ ಹೋದರು. ಬಳ್ಳಾರಿಯ ಪೈಲ್ವಾನನೊಬ್ಬ ಹಾನಗಲ್ ತನಕ ನಿಂತೇ ಬಂದ. ಟವಲು ಮಾತ್ರ ಕಿಟಕಿಯ ಪಕ್ಕ ಮಹಾರಾಣಿಯ ಹಾಗೆ ಕೂತಿರುತ್ತಿತ್ತು. ಬಸುರಿಯೋ ಮುದುಕಿಯೋ ಹತ್ತಿದರೆ ಹನುಮಣ್ಣ ಎದ್ದು ತನ್ನ ಜಾಗ ಕೊಡುತ್ತಿದ್ದ, ಟವಲನ್ನು ಎಬ್ಬಿಸುತ್ತಿರಲಿಲ್ಲ.

ಈ ಟವಲಿಗೊಂದು ಚರಿತ್ರೆಯಿದೆ. ಎಪ್ಪತ್ತೈದರಲ್ಲಿ ನಮ್ಮೂರ ಹೋಟೆಲಿನಲ್ಲಿ ಕೇರಿಯವರಿಗೆ ಟೀ ಸಿಗುತ್ತಿದ್ದುದು ಬೀದಿಯಲ್ಲಿ. ಅವರ ಗ್ಲಾಸು ಸೂರಿನ ಸಂದಿಯಲ್ಲಿರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಬೇಕು. ಒಂದು ಬೆಳಗ್ಗೆ ಹನುಮಣ್ಣ ಮತ್ತು ಅವನ ಹೆಂಡತಿ ಪಾಪಕ್ಕ ನೆಟ್ಟಗೆ ಒಳಗೆ ಹೋಗಿ, ಬೆಂಚಿನ ಮೇಲೆ ಕೂತು, ಎರಡು ಟೀ ಹೇಳಿದರು. ಟೀ ಬರಲಿಲ್ಲ. ಇವರು ಏಳಲಿಲ್ಲ. ಎರಡು ಸಲ ಹನುಮಣ್ಣನ ಧೈರ್ಯ ಬಾಗಿಲ ತನಕ ಹೋಗಿತ್ತಂತೆ. ಪಾಪಕ್ಕ ಅವನ ಪಂಚೆಯ ಚುಂಗು ಹಿಡಿದು ಕೂರಿಸಿದಳು. ಮಧ್ಯಾಹ್ನ ಅವಳು ಕೂಸಿಗೆ ಹಾಲೂಡಿಸಲು ಹೋದಾಗ, ಯಾರೂ ಕೂರದಿರಲೆಂದು ಅವಳ ಜಾಗಕ್ಕೆ ಅವನು ಟವಲು ಹಾಸಿದ. ಅವಳು ವಾಪಸು ಬಂದಳು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಟೀ ಬಂತು, ಆರಿ ತಣ್ಣಗಾಗಿದ್ದು. ಇಬ್ಬರೂ ಕುಡಿದರು.

ಪಾಪಕ್ಕ ತೊಂಬತ್ತೇಳರಲ್ಲಿ ತೀರಿಕೊಂಡಳು. ಟವಲು ಬಸ್ಸು ಹತ್ತಿದ್ದು ಆಮೇಲೆ.

ತೊಂಬತ್ತೊಂಬತ್ತರ ಎಲೆಕ್ಷನ್ನಿಗೆ ಆ ಹೋಟೆಲು ಮಾಲೀಕರ ಮಗ ಜಂಬುಲಿಂಗಪ್ಪನವರು ನಿಂತರು. ಎಪ್ಪತ್ತೈದರಲ್ಲಿ ಹನುಮಣ್ಣನನ್ನು ಕೈಹಿಡಿದು ಒಳಗೆ ಕರೆತಂದು, ಅದೇ ಬೆಂಚಿನಲ್ಲಿ ಪಕ್ಕ ಕೂತು ಟೀ ಕುಡಿದ ಧೀರ ತಾವೇ ಎಂದು ಕರಪತ್ರ ಹಂಚಿಸಿದರು. ಅವತ್ತು ಕೂಸಾಗಿದ್ದ ಮಗಳು ಗೀತಮ್ಮ ಅದನ್ನು ಅಪ್ಪನಿಗೆ ಓದಿ ಹೇಳಿದಳು. ತಾಯಿಯ ಹೆಸರಿಗಾಗಿ ಹಾಳೆಯ ಹಿಂದೂ ಮುಂದೂ ಹುಡುಕಿದಳು.

"ಅವ್ವನ ಜಾಗದಾಗೆ ಇವ್ರು ಕುಂತವ್ರೆ ಅಪ್ಪ" ಅಂದಳು.

ಹನುಮಣ್ಣ ಇನ್ನೊಂದು ಸಲ ಓದಿಸಿದ. ಆಮೇಲೆ ಟವಲು ಒಗೆದು ಒಣಹಾಕಿದ.

ಸಭೆಯ ದಿನ ಆ ಹಳೇ ಬೆಂಚು ಅಟ್ಟದಿಂದ ಇಳಿದು, ಎಣ್ಣೆ ಹಚ್ಚಿಸಿಕೊಂಡು, ಹಾರ ಹಾಕಿಸಿಕೊಂಡು ವೇದಿಕೆ ಏರಿತ್ತು. ಹನುಮಣ್ಣನನ್ನು ಅದರ ಮೇಲೆ ಕೂರಿಸಿದರು. ಅವನು ಪಕ್ಕಕ್ಕೆ ಟವಲು ಹಾಸಿದ. ಜಂಬುಲಿಂಗಪ್ಪನವರು ಮಾತಿನಲ್ಲೇ ಮುಕ್ಕಾಲು ಗಂಟೆ ಹೋರಾಡಿ, ತಮ್ಮ ತ್ಯಾಗಕ್ಕೆ ತಾವೇ ಕಣ್ಣೊರೆಸಿಕೊಂಡು, ಮೈಕು ಹಿಡಿದೇ ಬೆಂಚಿನ ಬಳಿ ಬಂದರು. ಚಳ್ಳಕೆರೆಯ ಫೋಟೋದವನು ಮಂಡಿಯೂರಿದ.

"ಟವಲು ತಗಳ್ಳೋ ಹನುಮಣ್ಣ, ಆವತ್ತು ಕುಂತಂಗೇ ಕುಂದ್ರಾನ."

ಕುರುಕ್ಷೇತ್ರಕ್ಕೆ ಇನ್ನು ಶಂಖ ಊದುವುದೊಂದೇ ಬಾಕಿ. ಹನುಮಣ್ಣ ಟವಲಿನ ಮಡಚಿಕೊಂಡಿದ್ದ ಮೂಲೆಯನ್ನು ಮೆಲ್ಲಗೆ ಸರಿಮಾಡಿದ.

"ಇದು ಪಾಪಕ್ಕನ ಜಾಗ ಕಣ್ರಿ. ಆವತ್ತು ನೀವು ಕುಂತಿದ್ದು ಗಲ್ಲಾದ ಹಿಂದೆ. ಕುರ್ಚಿ ತರಿಸ್ಲೇನ್ರಿ?"